ವಾಲ್ಪರೈಸೊ: ಒಂದು ಬಂದರು, ಒಬ್ಬ ಸಾಕ್ಷಿ

ಚಿಲಿ ದೇಶದ ವಾಲ್ಪರೈಸೊ ನಗರದಲ್ಲಿ ಸಮತಟ್ಟಾದ ನೆಲವೆಂಬುದು ಕಡಲಂಚಿನ ಕಿರಿದಾದ ಒಂದು ಪಟ್ಟಿಯಷ್ಟೆ. ಅದರ ಬೆನ್ನಿಗೇ ನಲವತ್ತಕ್ಕೂ ಮಿಗಿಲಾದ ಗುಡ್ಡಗಳು ಎದ್ದು ನಿಂತಿವೆ. ಊರೆಲ್ಲ ಆ ಗುಡ್ಡಗಳ ಮೇಲೆಯೇ ಹಬ್ಬಿದೆ. ನಿವೃತ್ತನಾದ ತರುವಾಯ ನಾನು ಅಲ್ಲಿಗೆ ಒಬ್ಬನೇ ಹೋಗಿದ್ದೆ. ಮೆಟ್ಟಿಲುಗಳನ್ನು ನನ್ನ ಮೊಣಕಾಲುಗಳು ಒಪ್ಪಲಿಲ್ಲ. ಕನ್ಸೆಪ್ಸಿಯೋನ್ ಗುಡ್ಡಕ್ಕೆ 1883ರಲ್ಲಿ ಹಾಕಿದ, ಹಗ್ಗ ಕಟ್ಟಿ ಎಳೆಯುವ ಹಳಿಬಂಡಿಯಲ್ಲಿ ಕುಳಿತು ಮೇಲೇರಿ, ಕೊಲ್ಲಿಯನ್ನು ನೋಡುತ್ತ ನಿಂತೆ. ಆಗ ನನ್ನ ನೆನಪಿಗೆ ಬಂದವಳು ನನಗಿಂತ ಬಹು ಹಿಂದೆ ಅಲ್ಲಿ ಒಂಟಿಯಾಗಿ ಬಾಳಿದ ಮರಿಯಾ ಗ್ರಹಾಂ.

ಈಕೆಗೂ ನಮ್ಮ ನಾಡಿಗೂ ನಂಟುಂಟು. 1809ರಲ್ಲಿ ಮುಂಬಯಿಗೆ ಬಂದು, ನೌಕಾಧಿಕಾರಿ ತಾಮಸ್ ಗ್ರಹಾಂನನ್ನು ಅಲ್ಲಿಯೇ ವರಿಸಿ, ಭಾರತವಾಸದ ದಿನಚರಿಯನ್ನು 1812ರಲ್ಲಿ ಪ್ರಕಟಿಸಿದವಳು. ಹತ್ತು ವರ್ಷಗಳ ಅನಂತರ, ಕೇಪ್ ಹಾರ್ನ್ ಬಳಸಿ ಚಿಲಿಯತ್ತ ಸಾಗುತ್ತಿದ್ದಾಗ ಹಡಗಿನಲ್ಲಿಯೇ ಪತಿ ತೀರಿಕೊಂಡನು. 1822ರಲ್ಲಿ ವಾಲ್ಪರೈಸೊದಲ್ಲಿ ಇಳಿದಾಗ ಆಕೆಗೆ ಮೂವತ್ತಾರು ವರ್ಷ. ಒಡನೆ ಸ್ವದೇಶಕ್ಕೆ ಮರಳಬಹುದಿತ್ತು, ಮರಳಲಿಲ್ಲ. ಅಲ್ಮೆಂದ್ರಾಲ್ ಭಾಗದಲ್ಲಿ ಚಿಕ್ಕ ಮನೆಯೊಂದನ್ನು ಬಾಡಿಗೆಗೆ ಹಿಡಿದಳು, ಕುಂಬಾರ ಹೆಂಗಸರ ನಡುವೆ ಕುಳಿತು ಮಡಕೆ ಮಾಡುವ ಬಗೆಯನ್ನು ಕಂಡಳು, ಕಂಡದ್ದನ್ನೆಲ್ಲ ಬರೆದಿಟ್ಟಳು.

ಆ ವರ್ಷದ ನವೆಂಬರ್ 19ರ ರಾತ್ರಿ ಭೂಮಿ ನಡುಗಿತು. ಆಗ ಆಕೆ ಉತ್ತರಕ್ಕಿರುವ ಕಿಂಟೇರೊದಲ್ಲಿದ್ದಳು. ಕಂಪನದ ಬಳಿಕ ಕಡಲ ತೀರದಲ್ಲಿ ನಡೆದಾಗ, ಹಿಂದೆ ನೀರಿನಡಿಯಲ್ಲಿದ್ದ ಬಂಡೆಗಳು ಮೇಲೆ ಕಾಣುತ್ತಿದ್ದುವು. ಅವುಗಳಿಗೆ ಅಂಟಿಕೊಂಡ ಚಿಪ್ಪುಜೀವಿಗಳು ಸತ್ತು ನಾರುತ್ತಿದ್ದುವು. ನೆಲವೇ ಮೂರು ನಾಲ್ಕು ಅಡಿ ಮೇಲೆದ್ದಿದೆಯೆಂದು ಆಕೆ ತಿಳಿದಳು. ಈ ವರದಿ 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಚಾರ್ಲ್ಸ್ ಲಯೆಲ್ ಅದನ್ನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಆಧಾರವಾಗಿ ಬಳಸಿಕೊಂಡನು.

ಆದರೆ 1834ರಲ್ಲಿ ಅದೇ ಸಂಘದ ಅಧ್ಯಕ್ಷ ಜಾರ್ಜ್ ಗ್ರೀನೋ ಅಧ್ಯಕ್ಷಪೀಠದಿಂದಲೇ ಆಕೆಯ ಮಾತನ್ನು ಅಲ್ಲಗಳೆದನು. ಮರುಮದುವೆಯಾಗಿ ಮಿಸೆಸ್ ಕಾಲ್ಕಾಟ್ ಎನಿಸಿದ್ದ ಆಕೆ, ದೇಹಸ್ವಾಸ್ಥ್ಯ ಕೆಟ್ಟಿದ್ದರೂ ಸುಮ್ಮನಿರಲಿಲ್ಲ. ತಾನು ಕಂಡದ್ದು ಕಂಡದ್ದೇ ಎಂದು ಉತ್ತರ ಬರೆದು ಅಚ್ಚು ಹಾಕಿಸಿದಳು. ಮರುವರ್ಷ ಫೆಬ್ರವರಿ 20ರಂದು ಕನ್ಸೆಪ್ಸಿಯೋನ್ ಪಟ್ಟಣದಲ್ಲಿ ಭಾರಿ ಭೂಕಂಪವಾಯಿತು. ಬೀಗಲ್ ಹಡಗಿನ ಡಾರ್ವಿನ್ ಮತ್ತು ಫಿಟ್ಸ್‌ರಾಯ್ ಅಲ್ಲಿಗೆ ಹೋಗಿ, ನೀರಿನಿಂದ ಮೇಲೆದ್ದ ಬಂಡೆಗಳ ಮೇಲೆ ಸತ್ತ ಚಿಪ್ಪುಗಳನ್ನು ತಾವೇ ಕಂಡರು. ನೆಲ ಏಳುವುದು ದಿಟವೆಂದಾಯಿತು.

ವಾಲ್ಪರೈಸೊ ಆಮೇಲೆ ಬಹಳ ಕಂಡಿತು. 1848ರ ಬಳಿಕ ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಹೊರಟ ಹಡಗುಗಳಿಂದ ಕೊಬ್ಬಿತು. 1906ರ ಭೂಕಂಪದಲ್ಲಿ ಕುಸಿಯಿತು. 1914ರಲ್ಲಿ ಪನಾಮಾ ಕಾಲುವೆ ತೆರೆದಾಗ ಹಡಗುಗಳು ಬೇರೆ ದಾರಿ ಹಿಡಿದುವು. 2003ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗುಡ್ಡದ ಮೇಲೆ ನಿಂತಾಗ ನನ್ನನ್ನು ಕಾಡಿದ್ದು ಈ ಏಳುಬೀಳುಗಳಲ್ಲ. ಬಹಳ ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು, ತನ್ನೂರಿನ ಕೆರೆ ಏರಿಯ ವೀರಗಲ್ಲಿನ ಅಕ್ಷರಗಳು ಅಚ್ಚಾದ ಪಾಠದಂತಿಲ್ಲವೆಂದು ಪ್ರಬಂಧದಲ್ಲಿ ಬರೆದಿದ್ದಳು. "ಯಾವ ಗ್ರಂಥದಲ್ಲಿದೆಯಮ್ಮ?" ಎಂದು ಕೇಳಿದೆ. "ಕಲ್ಲಿನಲ್ಲಿದೆ, ಸರ್" ಎಂದಳು. ಆ ಸಾಲಿಗೆ ಕೆಂಪು ಗೀಟು ಎಳೆದೆ. ಕಲ್ಲನ್ನು ನೋಡಲು ನಾನು ಹೋಗಲಿಲ್ಲ. ಆಕೆ ಮತ್ತೆ ವಾದಿಸಲೂ ಇಲ್ಲ.

ಚಿಲಿಯಷ್ಟು ದೂರ ಹೋಗಬಲ್ಲವನಿಗೆ ಆ ಕೆರೆ ಏರಿ ದೂರವಾಗಿತ್ತೆ? ಊರಿಗೆ ಮರಳಿದವನು ಮೊದಲು ಅಲ್ಲಿಗೆ ಹೋದೆ. ಕಲ್ಲು ಅಲ್ಲಿಯೇ ಇತ್ತು. ಅವಳು ಓದಿದ್ದೇ ಸರಿಯಾಗಿತ್ತು.