ಪಾವು ಮತ್ತು ತಕ್ಕಡಿ

ಅರಕಲಗೂಡಿನ ನಮ್ಮ ಅಡುಗೆಮನೆಯಲ್ಲಿ ತಕ್ಕಡಿ ಇರಲಿಲ್ಲ. ಒಂದು ಹಿತ್ತಾಳೆ ಪಾವು ಇತ್ತು. ಅಕ್ಕಿಗೂ ಬೇಳೆಗೂ ರಾಗಿಹಿಟ್ಟಿಗೂ ಅದೇ ಅಳತೆ. ಪಕ್ಕದ ಗೌಡರ ಮನೆಯಾಕೆ ಕೈಬದಲು ಒಯ್ದ ಅಕ್ಕಿಯನ್ನು ಹಿಂದಿರುಗಿಸುವಾಗ ಪಾವಿನ ಮೇಲೆ ಗೋಪುರ ಕಟ್ಟಿ ತರುತ್ತಿದ್ದರು. “ನಾನು ಕೊಟ್ಟಿದ್ದು ಸಮ ಪಾವಲ್ವೇನಕ್ಕಾ?” ಎಂದು ಅಮ್ಮ ಕೇಳಿದರೆ, “ಇಸ್ಕೊಂಡಿದ್ದು ಕೊಡೋವಾಗ ತಗ್ಗಬಾರ್ದು ಕಣಮ್ಮ” ಎನ್ನುತ್ತಿದ್ದರು.

ಪಾವು ಜಾಗವನ್ನು ಅಳೆಯುತ್ತದೆ, ತಕ್ಕಡಿ ಭಾರವನ್ನು. ಒಂದು ಪಾವು ಅಕ್ಕಿ ಹೆಚ್ಚುಕಡಿಮೆ ಕಾಲು ಕೆ.ಜಿ. ತೂಗಿದರೆ, ಅದೇ ಪಾವಿನ ರಾಗಿಹಿಟ್ಟು ಅಷ್ಟು ತೂಗದು, ಪುಡಿಯುಪ್ಪು ಅದಕ್ಕಿಂತ ಹೆಚ್ಚು ತೂಗುತ್ತದೆ. ಅಡುಗೆಯಲ್ಲಿ ಈ ಲೆಕ್ಕ ತಪ್ಪಿದರೆ ಒಂದು ಹೊತ್ತಿನ ರುಚಿ ಕೆಡುತ್ತದೆ. ಕೂಲಿಯಲ್ಲಿ, ಸಾಲದಲ್ಲಿ, ದಾನದಲ್ಲಿ ತಪ್ಪಿದರೆ?

ನಮ್ಮ ಹಾಸನ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಹಳೆಯ ಶಾಸನಗಳಲ್ಲಿ ಸೊಲಗೆ, ಮಾನ, ಬಳ್ಳ, ಕೊಳಗ, ಖಂಡುಗಗಳು ಕಾಣುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಅಭಿಷೇಕಕ್ಕೆ ಬಿಟ್ಟ ಹಾಲಿನ ದತ್ತಿಯ ಲೆಕ್ಕವೂ ಮಾನದಲ್ಲೇ ಇದೆ. ಇಪ್ಪತ್ತು ಕೊಳಗ ಸೇರಿದರೆ ಖಂಡುಗ. ಖಂಡುಗ ಬೀಜ ಹಿಡಿಯುವ ಗದ್ದೆಯೂ ಖಂಡುಗದ ಗದ್ದೆಯೇ. ಆದರೆ ಕೊಳಗಕ್ಕೆ ಎಷ್ಟು ಸೇರು ಎಂಬುದು ಊರಿಂದೂರಿಗೆ ಬದಲಾಗುತ್ತಿತ್ತು.

ಟಿಪ್ಪುವಿನ ಪತನದ ನಂತರ, 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್‌ಗೂ ಈ ವ್ಯತ್ಯಾಸಗಳು ಎದುರಾದವು. ಸೇರು ಎಂಬ ಒಂದೇ ಹೆಸರಿಗೆ ಆಗ ಎರಡು ಅರ್ಥ. ಧಾನ್ಯಕ್ಕೆ ಪಕ್ಕಾ ಸೇರು, ಅದು ಪಾತ್ರೆ. ತೂಗಿ ಮಾರುವ ಸರಕಿಗೆ ಕಚ್ಚಾ ಸೇರು. ಅದು 24 ರೂಪಾಯಿ ನಾಣ್ಯಗಳ ತೂಕ, ಇಂದಿನ ಸುಮಾರು 280 ಗ್ರಾಂ. ಅಂಥ 40 ಸೇರಿಗೆ ಒಂದು ಮಣ. ಕೂಲಿಗೆ ಕಾಳು ಪಡೆಯುವ ಆಳಿಗೆ ಸೇರಿನ ಹೆಸರು ಗೊತ್ತಿದ್ದರೆ ಸಾಲದು, ಪಾತ್ರೆ ಯಾರದು, ಅಳೆಯುವ ಕೈ ಯಾರದು ಎಂಬುದೂ ಗೊತ್ತಿರಬೇಕಿತ್ತು.

ದೇಶಕ್ಕೆಲ್ಲ ಒಂದೇ ಅಳತೆ ತರುವ ಕಾಯ್ದೆ ಬಂದದ್ದು 1956ರಲ್ಲಿ. 1957ರಲ್ಲಿ ನಯಾಪೈಸೆ ಬಂತು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ಸೇರು ಎಂದರೆ ಕಿಲೋ ಎಂದು ಅನೇಕರು ತಿಳಿದರು. 80 ತೊಲದ ಸೇರು 933 ಗ್ರಾಂ ಮಾತ್ರ.

ಮುಸ್ಲಿಮರ ಮನೆಗಳಲ್ಲಿ ಈ ಪರಿವರ್ತನೆ ಪ್ರತಿ ರಮಝಾನ್‌ನಲ್ಲೂ ಎದುರಾಗುತ್ತದೆ. ಫಿತ್ರ್ ದಾನದ ಅಳತೆ ‘ಸಾಅ್’ ಕೂಡ ಪಾತ್ರೆಯೇ. ಅದು ನಾಲ್ಕು ‘ಮುದ್ದ್’. ಒಂದು ಮುದ್ದ್ ಎಂದರೆ ಒಂದು ಬೊಗಸೆ. ಹನಫಿಗಳಲ್ಲಿ ಗೋಧಿಯಾದರೆ ಅರ್ಧ ಸಾಅ್. ಅದನ್ನು ತಕ್ಕಡಿಗೇರಿಸಿದಾಗ ವಿದ್ವಾಂಸರ ಲೆಕ್ಕ ಕವಲೊಡೆಯಿತು. ಒಂದು ಲೆಕ್ಕದಲ್ಲಿ ಅದು ಪೌನೇ ದೋ ಸೇರು, ಅಂದರೆ 140 ತೊಲ, 1.633 ಕೆ.ಜಿ. ಬರೇಲಿಯ ಮೌಲಾನಾ ಅಹ್ಮದ್ ರಝಾ ಖಾನ್ (1856–1921) ಜವೆಯ ತೂಕದಿಂದ ಪಾತ್ರೆಯನ್ನು ನಿಗದಿ ಮಾಡಿ, ಅದೇ ಪಾತ್ರೆಗೆ ಗೋಧಿ ತುಂಬಿ ನೋಡಿದರು. ಜವೆಗಿಂತ ಗೋಧಿ ಭಾರ. ಹಾಗಾಗಿ ಅವರಿಗೆ ಸಿಕ್ಕಿದ್ದು ನೂರೆಪ್ಪತ್ತೈದೂವರೆ ರೂಪಾಯಿ ತೂಕ, ಸುಮಾರು 2.045 ಕೆ.ಜಿ. ಎರಡರ ನಡುವಿನ ಅಂತರ 400 ಗ್ರಾಮಿಗೂ ಹೆಚ್ಚು. ಬಡವನ ಮನೆಯಲ್ಲಿ ಅದು ಒಂದು ಹೊತ್ತಿನ ರೊಟ್ಟಿ.

ಕುರ್‌ಆನಿನ ‘ಮುತಫ್ಫಿಫೀನ್’ ಅಧ್ಯಾಯ ಅಳತೆ, ತೂಕ ಎರಡರಲ್ಲೂ ಕಡಿಮೆ ಕೊಡುವವರನ್ನು ಎಚ್ಚರಿಸುತ್ತದೆ. ಆ ಎರಡು ಬೇರೆ ಬೇರೆ ಎಂಬುದು ಮಾರುಕಟ್ಟೆ ಕಂಡವರಿಗೆಲ್ಲ ಗೊತ್ತು. ಎರಡು ಲೆಕ್ಕಗಳಲ್ಲಿ ಯಾವುದು ಸರಿ ಎಂದು ಅಮ್ಮ ಯಾರೊಡನೆಯೂ ವಾದಿಸಲಿಲ್ಲ. ಪ್ರತಿವರ್ಷ ಹೆಚ್ಚಿನ ಲೆಕ್ಕವನ್ನೇ ಹಿಡಿದು, ಮೇಲೊಂದು ಹಿಡಿ ಹಾಕುತ್ತಿದ್ದಳು. ಅದನ್ನು ಅವಳು ಕಲಿತದ್ದು ಕಿತಾಬಿನಿಂದಲೋ, ಪಕ್ಕದ ಮನೆಯಾಕೆಯ ಗೋಪುರದ ಪಾವಿನಿಂದಲೋ, ನಾನು ಕೇಳಲೇ ಇಲ್ಲ.