ಮೈಸೂರು ತಂಡವೆಂಬುದೊಂದಿತ್ತು

ರಾಜ್ಯದ ಹೆಸರು ಬದಲಾದಾಗ ನಕ್ಷೆ, ಮೊಹರು, ಅಂಚೆ ವಿಳಾಸಗಳೊಡನೆ ಆಟದ ತಂಡದ ಹೆಸರೂ ಬದಲಾಗುತ್ತದೆ. 1973 ರ ನವೆಂಬರ್ 1 ರಂದು ನಮ್ಮ ರಾಜ್ಯವು ಕರ್ನಾಟಕವಾಯಿತು. ಅದರೊಂದಿಗೆ ಮೈಸೂರು ಎಂಬ ಕ್ರಿಕೆಟ್ ತಂಡವೂ ದಾಖಲೆಗಳೊಳಗೆ ಸೇರಿಹೋಯಿತು. ಹಳೆಯ ಸಂಸ್ಥಾನಕ್ಕೆ ಸೇರಿದ್ದ ಹಾಸನ, ಚನ್ನರಾಯಪಟ್ಟಣದ ಸೀಮೆಗೆ ಅದು ಸ್ವಂತ ತಂಡ. ಆದರೆ ತನ್ನ ಹೆಸರಿನಲ್ಲಿ ಅದು ಒಮ್ಮೆಯೂ ರಣಜಿ ಪ್ರಶಸ್ತಿಯನ್ನು ಗೆಲ್ಲಲಿಲ್ಲ.

ಆರಂಭವೇ ಶುಭವಾಗಿರಲಿಲ್ಲ. 1934 ರ ನವೆಂಬರ್ 4 ರಂದು ಮದರಾಸಿನ ಚೇಪಾಕಿನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ ಮೈಸೂರು 48 ಮತ್ತು 59 ಓಟಗಳಿಗೆ ಉರುಳಿತು. ಮದರಾಸಿನ ರಾಮ್ ಸಿಂಗ್ 11 ವಿಕೆಟ್ ಕಿತ್ತರು. ಮದರಾಸು ಹೊಡೆದದ್ದು 130 ಮಾತ್ರ, ಅಷ್ಟೇ ಸಾಕಾಯಿತು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು.

ಹಾಗೆಂದು ತಂಡವು ಕುಗ್ಗಿ ಕುಳಿತುಕೊಳ್ಳಲಿಲ್ಲ. 1941–42 ರಲ್ಲಿಯೂ 1959–60 ರಲ್ಲಿಯೂ ಅಂತಿಮ ಪಂದ್ಯದವರೆಗೆ ಏರಿತು. ಎರಡು ಬಾರಿಯೂ ಎದುರಾದುದು ಮುಂಬಯಿ. ಎರಡು ಬಾರಿಯೂ ಸೋಲು. 1958–59 ರಿಂದ ಮುಂಬಯಿ ಸತತವಾಗಿ 15 ವರ್ಷ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ.

ಈ ನಡುವೆಯೇ ಮೈಸೂರು ತನ್ನ ನಿಜವಾದ ಗಳಿಕೆಯನ್ನು ಕೂಡಿಡುತ್ತಿತ್ತು. ಪ್ರಸನ್ನ 1962 ರಲ್ಲಿ, ಚಂದ್ರಶೇಖರ್ 1964 ರಲ್ಲಿ ಭಾರತದ ಪರವಾಗಿ ಟೆಸ್ಟ್ ಆಡಿದರು. ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ಚಂದ್ರಶೇಖರ್ 1971 ರಲ್ಲಿ ಓವಲ್ ಮೈದಾನದಲ್ಲಿ 38 ಓಟಕ್ಕೆ 6 ವಿಕೆಟ್ ಪಡೆದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವಿಗೆ ಕಾರಣರಾದರು. ಭದ್ರಾವತಿಯ ವಿಶ್ವನಾಥ್ ಮೈಸೂರಿಗಾಗಿ ಆಡಿದ ಮೊದಲ ಪಂದ್ಯದಲ್ಲಿಯೇ 230 ಹೊಡೆದರು.

ಹೆಸರು ಬದಲಾದ ಸಾಲಿನಲ್ಲಿಯೇ ಫಲ ಕೈಗೂಡಿತು. ಪ್ರಸನ್ನರ ನಾಯಕತ್ವದಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕ 385 ಓಟ ಗಳಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಮುಂಬಯಿ 307 ಕ್ಕೆ ನಿಂತಿತು. ಪಂದ್ಯವು ಪೂರ್ಣಗೊಳ್ಳದಿದ್ದರೆ ಮೊದಲ ಸರದಿಯಲ್ಲಿ ಮುಂದಿದ್ದವರೇ ಮೇಲೇರುವುದು ನಿಯಮ. ಹೀಗೆ ಮುಂಬಯಿಯ ಪ್ರಾಬಲ್ಯ ಮುರಿಯಿತು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿ 1974 ರಲ್ಲಿ ಪ್ರಶಸ್ತಿಯನ್ನು ತಂದರು.

ಅಲ್ಲಿಂದ 2015 ರ ವರೆಗೆ ಕರ್ನಾಟಕವು ಎಂಟು ಬಾರಿ ಗೆದ್ದಿತು. ನಮ್ಮ ಜಿಲ್ಲೆಯ ಊರಿನ ಹೆಸರನ್ನು ಜಗತ್ತಿಗೆ ತಿಳಿಸಿದ ಜಾವಗಲ್ ಶ್ರೀನಾಥರೂ, ಅರಸೀಕೆರೆಯಲ್ಲಿ ಹುಟ್ಟಿ 1996 ರಲ್ಲಿ ಭಾರತಕ್ಕಾಗಿ ಆಡಿದ ಡೇವಿಡ್ ಜಾನ್ಸನ್ನರೂ ಆ ಹೊಸ ಹೆಸರಿನ ಆಟಗಾರರು.

ದಾಖಲೆಯ ಪುಸ್ತಕದಲ್ಲಿ ಮೈಸೂರಿನ ಮುಂದೆ ಗೆದ್ದ ಪ್ರಶಸ್ತಿಗಳ ಕಾಲಂ ಬರಿದಾಗಿದೆ. ಆದರೆ 1974 ರಲ್ಲಿ ಗೆದ್ದ ಪ್ರಸನ್ನ, ವಿಶ್ವನಾಥರು ಬೆಳೆದುದು ಆ ಹೆಸರಿನ ನೆರಳಿನಲ್ಲಿ. ಬಿತ್ತಿದವರ ಹೆಸರು ಒಂದು, ಕೊಯ್ದವರ ಹೆಸರು ಇನ್ನೊಂದು. ಹೊಲ ಮಾತ್ರ ಅದೇ.