ಸರಪಣಿಗರಗಸದ ಹಲ್ಲು

ಮರವನ್ನು ಸೀಳುವುದು ಬೇರೆ, ಕೊಯ್ಯುವುದು ಬೇರೆ. ಹಿತ್ತಲಿನಲ್ಲಿ ಒಮ್ಮೆಯಾದರೂ ಸೌದೆ ಒಡೆದವರಿಗೆ ಈ ಭೇದವು ಚೆನ್ನಾಗಿ ತಿಳಿದಿರುತ್ತದೆ. ಮರದ ನಾರುಗಳು ಬುಡದಿಂದ ತುದಿಯವರೆಗೆ ಉದ್ದುದ್ದವಾಗಿ ಹರಿದಿರುವುದರಿಂದ, ಕೊರಡಿನ ತಲೆಯ ಮೇಲೆ ಬೆಣೆಯನ್ನಿಟ್ಟು ಹೊಡೆದರೆ ಅವು ಒಂದನ್ನೊಂದು ಬಿಟ್ಟು ಸರಿಯುವುವು. ಬೆಣೆಯ ಬಾಯಿ ತುಸು ಮೊಂಡಾಗಿದ್ದರೂ ಬಾಧಕವಿಲ್ಲ. ಅಡ್ಡಲಾಗಿ ಕೊಯ್ಯಬೇಕಾದರೆ ಪ್ರತಿಯೊಂದು ನಾರನ್ನೂ ಕಡಿದೇ ತೀರಬೇಕು. ಅಲ್ಲಿ ಬಲಕ್ಕಿಂತಲೂ ಹರಿತವೇ ಮುಖ್ಯ. ಆದುದರಿಂದಲೇ ಸೌದೆ ಸೀಳುವ ಉಪಕರಣಗಳ ಚರಿತ್ರೆಯು ನಾಲ್ಕು ಮಾತುಗಳಲ್ಲಿ ಮುಗಿಯುವಂತಿದೆ: ಮೊದಲು ಬೆಣೆ, ಆಮೇಲೆ ದಪ್ಪ ತಲೆಯ ಭಾರವಾದ ಕೊಡಲಿ, ಕಡೆಗೆ ದ್ರವದ ಒತ್ತಡದಿಂದ ಕೊರಡನ್ನೂ ಬೆಣೆಯನ್ನೂ ಒಂದಕ್ಕೊಂದು ಅದುಮುವ ಯಂತ್ರ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ಪೇಟೆಂಟು ಪಡೆದ ಒತ್ತುಯಂತ್ರದ ತತ್ತ್ವವೇ ಇಂದಿನ ಸೀಳುಯಂತ್ರದಲ್ಲಿಯೂ ಇದೆ. ನೀರಿನ ಸ್ಥಾನಕ್ಕೆ ಎಣ್ಣೆ ಬಂದಿದೆ, ಅಷ್ಟೆ. ಕೊಯ್ಯುವ ಉಪಕರಣದ ಚರಿತ್ರೆಯಾದರೋ ಇಷ್ಟು ಸರಳವಾದುದಲ್ಲ.

ಇಂದು ಕಾಡುಮೇಡುಗಳಲ್ಲಿ ಗರ್ಜಿಸುವ ಸರಪಣಿಗರಗಸವು ಹುಟ್ಟಿದುದು ಕಾಡಿನಲ್ಲಲ್ಲ, ವೈದ್ಯರ ಕೈಯಲ್ಲಿ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಹದಿನೆಂಟನೆಯ ಶತಮಾನದ ಕಡೆಯ ಭಾಗದಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕಿನ್, ಜೇಮ್ಸ್ ಜೆಫ್ರಿ ಎಂಬ ಇಬ್ಬರು ವೈದ್ಯರು, ಸಣ್ಣ ಸಣ್ಣ ಹಲ್ಲುಗಳುಳ್ಳ ಸರಪಣಿಯೊಂದನ್ನು ಮೂಳೆ ಕೊಯ್ಯುವುದಕ್ಕಾಗಿ ಬಳಕೆಗೆ ತಂದರು. ಸರಪಣಿಯ ಎರಡು ತುದಿಗಳಿಗೂ ಹಿಡಿಗಳಿದ್ದುವು. ಅದನ್ನು ಮೂಳೆಯ ಹಿಂದಿನಿಂದ ಸುತ್ತಿ ತಂದು, ಮಜ್ಜಿಗೆ ಕಡೆಯುವ ಹಗ್ಗದಂತೆ ಎರಡು ಕೈಗಳಿಂದಲೂ ಸರದಿಯಾಗಿ ಎಳೆಯುತ್ತಿದ್ದರು. ಕಷ್ಟಪ್ರಸವದಲ್ಲಿಯೂ, ಕೊಳೆತ ಕೀಲುಮೂಳೆಯನ್ನು ತೆಗೆಯುವಾಗಲೂ ಇದು ಪ್ರಯೋಜನಕ್ಕೆ ಬಂದಿತು. ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದ ಬರ್ನ್‌ಹಾರ್ಡ್ ಹೈನೆಯು 1830ರ ಸುಮಾರಿಗೆ ಇನ್ನೊಂದು ಹೆಜ್ಜೆ ಮುಂದೆ ಹೋದನು. ಅವನ ಉಪಕರಣದಲ್ಲಿ ಕೊನೆಮೊದಲಿಲ್ಲದ ಹಲ್ಲುಸರಪಣಿಯು ಚಪ್ಪಟೆಯಾದ ಅಲಗೊಂದರ ಅಂಚಿನ ಸುತ್ತ ತಿರುಗುತ್ತಿದ್ದಿತು. ತಿರುಗಿಸುವುದಕ್ಕೆ ಒಂದು ಹಿಡಿಕೆಯಿದ್ದಿತು. ಉಳಿ ಸುತ್ತಿಗೆಗಳ ಪೆಟ್ಟಿಲ್ಲದೆ, ಮೂಳೆಯು ಚೂರಾಗದೆ ಕೊಯ್ಯುವುದು ಅವನ ಉದ್ದೇಶವಾಗಿದ್ದಿತು. ಈಥರಿನಿಂದ ರೋಗಿಯ ಎಚ್ಚರವನ್ನು ತಪ್ಪಿಸುವ ಉಪಾಯವು 1846ರವರೆಗೆ ಪ್ರಚಾರಕ್ಕೆ ಬಂದಿರಲಿಲ್ಲವೆಂಬುದನ್ನು ನೆನೆದರೆ, ವೈದ್ಯನ ಕೈಯ ಒಂದೊಂದು ಕ್ಷಣದ ಬೆಲೆಯೂ ಎಷ್ಟಿದ್ದಿತೆಂಬುದು ತಿಳಿಯುವುದು. ಅಲಗು, ಅದರ ಸುತ್ತ ಓಡುವ ಸರಪಣಿ, ಅದನ್ನು ತಿರುಗಿಸುವ ಶಕ್ತಿ, ಈ ಮೂರೂ ಹೈನೆಯಲ್ಲಿಯೇ ಕೂಡಿಬಂದಿದ್ದುವು. ಮುಂದೆ ಬದಲಾದುದು ಶಕ್ತಿಯೂ ಗಾತ್ರವೂ.

ಆ ಬದಲಾವಣೆಗೆ ನೂರು ವರ್ಷಗಳೇ ಹಿಡಿದುವು. 1905ರಲ್ಲಿ ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸ್ಯಾಮ್ಯುಯೆಲ್ ಬೆನ್ಸ್ ಎಂಬಾತನು, ಕ್ಯಾಲಿಫೋರ್ನಿಯದ ಭಾರಿ ಕೆಂಪುಮರಗಳನ್ನು ಬೀಳಿಸಲೆಂದು ಕೊನೆಯಿಲ್ಲದ ಸರಪಣಿಯ ಗರಗಸವೊಂದಕ್ಕೆ ಪೇಟೆಂಟು ಪಡೆದನು. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಗರಗಸವನ್ನು ಮಾಡಿದನು. ಮರುವರ್ಷ ಎಮಿಲ್ ಲೆರ್ಪ್ ಎಂಬಾತನು ಥುರಿಂಗಿಯ ಪ್ರಾಂತದ ಡೋಲ್ಮಾರ್ ಬೆಟ್ಟದ ಮೇಲೆ ಪೆಟ್ರೋಲಿನ ಗರಗಸವನ್ನು ಪರೀಕ್ಷಿಸಿ, ಆ ಬೆಟ್ಟದ ಹೆಸರನ್ನೇ ತನ್ನ ಯಂತ್ರಕ್ಕಿಟ್ಟನು. 1929ರಲ್ಲಿ ಸ್ಟೀಲನ ಪೆಟ್ರೋಲ್ ಯಂತ್ರವೂ ಹೊರಬಿದ್ದಿತು. ಅದರ ಶಕ್ತಿ 6 ಅಶ್ವಶಕ್ತಿ, ತೂಕ 46 ಕಿಲೋಗ್ರಾಂ; ಅದನ್ನು ಹೊತ್ತು ನಡೆಸುವುದಕ್ಕೆ ಇಬ್ಬರು ಆಳುಗಳು ಬೇಕಾಗಿದ್ದರು. ತರುವಾಯ ಎಂಜಿನು ವರ್ಷದಿಂದ ವರ್ಷಕ್ಕೆ ಹಗುರವಾಗುತ್ತ ಹೋಯಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1949ರಲ್ಲಿ, ಅಮೆರಿಕಾದ ಮೆಕ್ಯುಲಕ್ ಸಂಸ್ಥೆಯವರು 25 ಪೌಂಡು ತೂಕದ, ಒಬ್ಬನೇ ಹಿಡಿದು ನಡೆಸಬಹುದಾದ ಗರಗಸವನ್ನು ಮಾರಾಟಕ್ಕೆ ತಂದರು.

ಈ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತಾರೆ. ಎಂಜಿನಿನ ತೂಕ ಇಳಿದುದೇ ಗರಗಸದ ಏಳ್ಗೆಯೆಂಬುದು ಅವರ ಭಾವನೆ. ಆದರೆ ಮರವನ್ನು ಮುಟ್ಟುವುದು ಎಂಜಿನಲ್ಲ, ಹಲ್ಲು. ಆ ಹಲ್ಲಿನ ಕಥೆಯನ್ನು ಅರಿಯಬೇಕಾದರೆ ಯಂತ್ರಕ್ಕೆ ಮುಂಚಿನ ಕೈಗರಗಸವನ್ನು ನೋಡಬೇಕು.

ಅಮೆರಿಕಾದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಇಬ್ಬರು ಎದುರುಬದುರಾಗಿ ನಿಂತು ಎಳೆಯುತ್ತಿದ್ದ ಉದ್ದನೆಯ ಗರಗಸಕ್ಕೆ ಅಲ್ಲಿಯ ಕೂಲಿಗಳು ‘ಸಂಕಟದ ಚಾವಟಿ’ ಎಂಬ ಅರ್ಥದ ಅಡ್ಡಹೆಸರಿಟ್ಟಿದ್ದರು. ಅದರಲ್ಲಿ ಎರಡು ಜಾತಿಯ ಹಲ್ಲುಗಳು. ಮೊದಲನೆಯವು ಕೊಯ್ತದ ಇಕ್ಕೆಲಗಳಲ್ಲಿಯೂ ಚಾಕುವಿನಂತೆ ಗೀರಿ ನಾರನ್ನು ಕಡಿಯುವುವು. ಎರಡನೆಯವು ನಡುವೆ ಉಳಿದ ನಾರನ್ನು ಬಾಚಿ ಹೊರಕ್ಕೆಳೆಯುವುವು. ಬಾಚುವ ಹಲ್ಲು ಗೀರುವ ಹಲ್ಲಿಗಿಂತ ಕೂದಲೆಳೆಯಷ್ಟು ಗಿಡ್ಡವಾಗಿರಬೇಕು. ಹೆಚ್ಚು ಗಿಡ್ಡವಾದರೆ ಹೊಟ್ಟು ಹೊರಬೀಳದು. ಸಮವಾದರೆ ಗರಗಸವು ಮುಂದಕ್ಕೇ ಸಾಗದು. ಈ ಸೂಕ್ಷ್ಮವನ್ನು ಬಲ್ಲವನು ಅರ ಹಿಡಿಯುವ ಕುಶಲಿಯೊಬ್ಬನೇ. ದೊಡ್ಡ ಬಿಡಾರಗಳಲ್ಲಿ ಅವನಿಗೆಂದೇ ಪ್ರತ್ಯೇಕವಾದ ಗುಡಿಸಲಿರುತ್ತಿದ್ದಿತು. ಹಗಲೆಲ್ಲ ಅವನು ಮರವನ್ನೇ ಮುಟ್ಟದೆ ಹಲ್ಲನ್ನು ತೇಯುತ್ತ ಕುಳಿತಿರುತ್ತಿದ್ದನು. ಉಳಿದವರ ದುಡಿಮೆಯೆಲ್ಲ ಅವನ ಕೈಯ ಮೇಲೆ ನಿಂತಿರುತ್ತಿದ್ದಿತು.

ಮೊದಲ ಯಂತ್ರಗರಗಸಗಳ ಸರಪಣಿಗೆ ಈ ಹಳೆಯ ಹಲ್ಲುಗಳನ್ನೇ ಜೋಡಿಸಿದರು. ಇದೇ ದೊಡ್ಡ ತೊಡಕಾಯಿತು. ಮನುಷ್ಯನು ಎಳೆಯುವ ಗರಗಸವು ಮನುಷ್ಯನ ವೇಗದಲ್ಲಿ ಸವೆಯುತ್ತಿದ್ದಿತು. ಎಂಜಿನು ಎಳೆಯುವ ಹಲ್ಲಾದರೋ ಬಹುಬೇಗ ಮೊಂಡಾಗುತ್ತಿದ್ದಿತು. ಯಂತ್ರವು ಸಿದ್ಧವಾಗಿದ್ದರೂ ಆಳು ಮತ್ತೆ ಮತ್ತೆ ಕೆಲಸವನ್ನು ನಿಲ್ಲಿಸಿ, ಕೂಡದ ಲೆಕ್ಕವನ್ನು ಕೂಡಿಸುವವನಂತೆ, ಎರಡು ಜಾತಿಯ ಹಲ್ಲುಗಳನ್ನೂ ತೇಯುತ್ತ ಕೂರಬೇಕಾಗಿದ್ದಿತು.

ಈ ಬೇಸರವನ್ನು ಕಂಡುಂಡವರಲ್ಲಿ ಒರೆಗಾನ್ ಸಂಸ್ಥಾನದ ಜೋಸೆಫ್ ಕಾಕ್ಸ್ ಒಬ್ಬನು. 1946ರಲ್ಲಿ ಅವನು ಸೌದೆ ಕಡಿಯುತ್ತಿದ್ದಾಗ, ಮರದ ಮೋಟಿನೊಳಗೆ ದುಂಬಿಯ ಮರಿಹುಳುವೊಂದು ಗಟ್ಟಿಯಾದ ತಿರುಳನ್ನು ನಿರಾಯಾಸವಾಗಿ ತಿನ್ನುತ್ತ ಸಾಗುತ್ತಿದ್ದುದನ್ನು ಕಂಡನೆಂದು ಹೇಳುತ್ತಾರೆ. ಇಂತಹ ಕಥೆಗಳು ಹೇಳುತ್ತ ಹೇಳುತ್ತ ನುಣುಪಾಗುವುದುಂಟು. ಆದರೆ ಅವನು ಮುಂದೆ ಮಾಡಿದ ಹಲ್ಲನ್ನು ನೋಡಿದರೆ ಈ ಕಥೆಯನ್ನು ನಂಬಬಹುದೆನಿಸುವುದು. ಹುಳುವು ನಾರಿನ ಜೊತೆಯಲ್ಲಿಯೂ, ನಾರಿಗೆ ಅಡ್ಡಲಾಗಿಯೂ ಒಂದೇ ಸಮನೆ ಕೊರೆಯುತ್ತಿದ್ದಿತು. ಅದರ ದವಡೆಗಳೆರಡು ಬಾಗಿದ್ದು, ಎಡಕ್ಕೂ ಬಲಕ್ಕೂ ಸರದಿಯಾಗಿ ಕಚ್ಚುತ್ತಿದ್ದುವು. ಕಾಕ್ಸನು ಪೋರ್ಟ್‌ಲೆಂಡ್ ನಗರದ ತನ್ನ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಆ ದವಡೆಯನ್ನು ಉಕ್ಕಿನಲ್ಲಿ ಎರಕಗೊಳಿಸುವ ಯತ್ನವನ್ನು ಮಾಡಿದನು. 1947ರಲ್ಲಿ ಅವನ ಹೊಸ ಸರಪಣಿಯು ಮಾರಾಟಕ್ಕೆ ಬಂದಿತು. ಅದರಲ್ಲಿ ಗೀರುವ ಹಲ್ಲು, ಬಾಚುವ ಹಲ್ಲು ಎಂಬ ಭೇದವೇ ಇಲ್ಲ. ಬಾಗಿದ ಒಂದೇ ಹಲ್ಲಿನ ಪಕ್ಕದ ಅಂಚು ನಾರನ್ನು ಕಡಿಯುವುದು, ಮೇಲಿನ ಅಂಚು ಬಡಗಿಯ ಉಜ್ಜುಗೊರಡಿನಂತೆ ಚಕ್ಕೆಯನ್ನೆಬ್ಬಿಸುವುದು; ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ. ಈಗ ಲೋಕದಲ್ಲಿ ಓಡುತ್ತಿರುವ ಸರಪಣಿಗಳಲ್ಲಿ ಬಹುತೇಕ ಎಲ್ಲವೂ ಈ ಹಲ್ಲಿನ ಸಂತತಿಗೇ ಸೇರಿದುವು.

ಇದರಿಂದ ಅರದ ಕೆಲಸವು ತಪ್ಪಲಿಲ್ಲ. ಆದರೆ ಅದು ಕುಶಲಿಯ ಗುಡಿಸಲಿನಿಂದ ಸಾಮಾನ್ಯ ಸೌದೆಗಾರನ ಕೈಗೆ ಬಂದಿತು. ಬೇಕಾದುದು ದುಂಡನೆಯ ಒಂದು ಅರ. ಅದನ್ನು ಹಲ್ಲಿನ ಒಳಗಿನಿಂದ ಹೊರಮುಖವಾಗಿ ಮಾತ್ರ ನೂಕಬೇಕು. ಓರೆಯು ಸಾಮಾನ್ಯವಾಗಿ 25ರಿಂದ 35 ಡಿಗ್ರಿಗಳವರೆಗೆ. ಎಡದ ಹಲ್ಲುಗಳೂ ಬಲದ ಹಲ್ಲುಗಳೂ ಒಂದೇ ಉದ್ದಕ್ಕಿರಬೇಕು; ಇಲ್ಲವಾದರೆ ಕೊಯ್ತವು ಒಂದು ಮಗ್ಗುಲಿಗೆ ಬಾಗುವುದು. ಪ್ರತಿ ಹಲ್ಲಿನ ಮುಂದೆಯೂ ಒಂದು ಸಣ್ಣ ಉಬ್ಬು ಇರುವುದು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಗೊತ್ತುಮಾಡುವುದು ಅದೇ. ಅದು ಹಲ್ಲಿನ ಅಂಚಿಗಿಂತ ಸುಮಾರು ಅರ್ಧ ಮಿಲಿಮೀಟರಿಗೆ ಚೂರು ಹೆಚ್ಚಾಗಿ ತಗ್ಗಿರಬೇಕು. ತೀರ ತಗ್ಗಿಸಿದರೆ ಹಲ್ಲು ಮರವನ್ನು ಜಗ್ಗಿ ಹಿಡಿದು ಯಂತ್ರವನ್ನೇ ಹಿಂದಕ್ಕೆಸೆಯಬಹುದು. ಹರಿತವಾದ ಸರಪಣಿಯು ದಪ್ಪ ಚಕ್ಕೆಗಳನ್ನು ಉದುರಿಸುವುದು. ಮೊಂಡಾದುದು ಹುಡಿಯನ್ನು ಕಾರುವುದು. ಉದುರಿದುದನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಸಾಕು, ಬೇರೆ ಪರೀಕ್ಷೆ ಬೇಡ. ಒಂದು ಕ್ಷಣ ನೆಲದ ಮಣ್ಣು ತಗಲಿದರೂ ಈ ಹರಿತವೆಲ್ಲ ಹೋಗುವುದು.

ಹರಿತದ ಪ್ರಶ್ನೆಯು ಕೆಲಸದ ವೇಗಕ್ಕೆ ಮಾತ್ರ ಸಂಬಂಧಿಸಿದುದಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಮೊಂಡು ಹಲ್ಲಿನ ಗರಗಸವನ್ನು ಆಳು ಒತ್ತಿ ಹಿಡಿಯಬೇಕಾಗುವುದು. ಹಿಡಿದಷ್ಟು ಹೊತ್ತೂ ಯಂತ್ರದ ನಡುಕವು ಅವನ ಕೈಗಿಳಿಯುವುದು. ವರ್ಷಗಟ್ಟಲೆ ಹೀಗೆ ದುಡಿದವರ ಬೆರಳುಗಳಿಗೆ, ಚಳಿ ತಾಕಿದೊಡನೆ ರಕ್ತವು ಹರಿಯದೆ, ಬೆಳ್ಳಗಾಗಿ ಮರಗಟ್ಟುವ ರೋಗ ಬಂದಿತು. ಒಬ್ಬನೇ ನಡೆಸುವ ಗರಗಸವು ಕಾಡಿಗೆ ಬಂದ ಮೇಲೆ ಉತ್ತರ ದೇಶಗಳಲ್ಲಿಯೂ ಜಪಾನಿನಲ್ಲಿಯೂ ಈ ಬಾಧೆಯು ವೈದ್ಯರ ಗಮನಕ್ಕೆ ಬಂದು, 1960ರ ದಶಕದಲ್ಲಿ ಹಿಡಿಕೆಗೂ ಎಂಜಿನಿಗೂ ನಡುವೆ ರಬ್ಬರಿನ ಮೆತ್ತೆಗಳನ್ನು ಇಡುವ ಪದ್ಧತಿಯು ಪ್ರಾರಂಭವಾಯಿತು. 1970ರ ದಶಕದಲ್ಲಿ ಯಂತ್ರವು ಹಿಮ್ಮೆಟ್ಟಿ ಸಿಡಿದಾಗ ಸರಪಣಿಯನ್ನು ತಟ್ಟನೆ ನಿಲ್ಲಿಸುವ ತಡೆಯೂ ಬಂದಿತು. ಫಿನ್ಲೆಂಡಿನ ಸುವೊಮುಸ್ಸಾಲ್ಮಿ ಪ್ರಾಂತದ ಕಾಡುಕೆಲಸಗಾರರನ್ನು ವೈದ್ಯರು 1972ರಿಂದ ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದರು. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ 40 ಮಂದಿಯ ಬೆರಳುಗಳಲ್ಲಿ ಈ ಬಿಳುಪು ಕಂಡುಬಂದಿದ್ದಿತು; 1990ರ ವೇಳೆಗೆ ಅದು ನೂರಕ್ಕೆ 5ಕ್ಕೆ ಇಳಿದಿದ್ದಿತು.